ಖಾಲಿಯೂ ಸೊನ್ನೆಯೂ

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಹೆಸರನ್ನು ಪ್ರಾರ್ಥನೆಗೆ ನಿಂತ ಮಕ್ಕಳೆಲ್ಲರ ಎದುರು ಗಟ್ಟಿಯಾಗಿ ಓದಿದವಳು ನಾನೇ. ಶನಿವಾರ ಶಾಲೆ ಬಿಟ್ಟ ಮೇಲೆ ವಿಶೇಷ ತರಗತಿಗೆ ಉಳಿಯಬೇಕಾದವರ ಪಟ್ಟಿ ಅದು. ನಾವು ಅದಕ್ಕೆ ಎಷ್ಟೇ ಮರ್ಯಾದೆಯ ಹೆಸರಿಟ್ಟರೂ ಮಕ್ಕಳ ಬಾಯಲ್ಲಿ ಅದು ‘ದಡ್ಡರ ಲಿಸ್ಟು’. ಹೆಸರು ಕೇಳಿದೊಡನೆ ಹುಡುಗಿ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದಳು. ಆಮೇಲೆ ನೆಲ ನೋಡಿದಳು. ಅವಳು ದಡ್ಡಿಯಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಓದಿದೆ. ಅಚ್ಚಾಗಿ ಬಂದ ಕಾಗದದ ಮೇಲೆ ನಮಗಿರುವ ಭಕ್ತಿ ಅಂಥದು.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮನಸ್ಸು ತಡೆಯದೆ ನನ್ನ ಹಳೆಯ ರಿಜಿಸ್ಟರು ತೆಗೆದೆ. ಇಪ್ಪತ್ತೈದು ಅಂಕಗಳ ಆರು ಕಿರುಪರೀಕ್ಷೆಗಳು. ಅವಳ ಸಾಲಿನಲ್ಲಿ 14, 13, 16, 15, 14 ಎಂದಿದೆ. ಆರನೆಯ ಮನೆಯಲ್ಲಿ ಕೆಂಪು ಶಾಯಿಯಿಂದ ನಾನೇ ಬರೆದ ‘ಗೈ’, ಗೈರುಹಾಜರು. ಆ ವಾರ ಅವಳ ತಾಯಿಯನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದ್ದರು. ಹುಡುಗಿ ಅಲ್ಲಿಯೇ ಹಾಸಿಗೆಯ ಪಕ್ಕ ಇದ್ದಳು. ಬರೆದ ಐದು ಪರೀಕ್ಷೆಗಳ ಒಟ್ಟು 72, ಸರಾಸರಿ 14.4. ಪಟ್ಟಿಯಲ್ಲಿ ಅಚ್ಚಾಗಿದ್ದುದು 12. ಹನ್ನೆರಡೂವರೆಗಿಂತ ಕಡಿಮೆ ಬಂದವರು ಉಳಿಯಬೇಕೆಂಬುದು ನಮ್ಮ ಲೆಕ್ಕ. ಯಂತ್ರ 72ನ್ನು ಐದರಿಂದ ಭಾಗಿಸದೆ ಆರರಿಂದ ಭಾಗಿಸಿತ್ತು. ಬಾರದ ದಿನಕ್ಕೆ ಸೊನ್ನೆ ಕೊಟ್ಟಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಒಂದು ಕ್ಷಮೆ ಕೇಳಿ ಸುಮ್ಮನಾಗುತ್ತಿದ್ದೆನೋ ಏನೋ. ಮರುದಿನ ಬೆಳಿಗ್ಗೆ ಅವಳ ಅಪ್ಪ ಬಂದರು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಟವೆಲನ್ನು ಕೈಯಲ್ಲಿ ಹಿಡಿದು, “ಅಕ್ಕೋರೆ, ಓದು ತಲಿಗೆ ಹತ್ತವಲ್ದು ಅಂದ್ರ ಬಿಡಿಸಿಬಿಡ್ತೀನ್ರಿ. ಮನಿಯಾಗ ಅವರವ್ವಗರೆ ಆಸರಾಗತೈತಿ” ಎಂದರು. ನಾನು ರಿಜಿಸ್ಟರು ತೆರೆದು ಅವರಿಗೆ ಒಂದೊಂದು ಮನೆಯನ್ನೂ ಬೆರಳಿಟ್ಟು ತೋರಿಸಿದೆ. ಅವರಿಗೆ ಅಂಕಗಳು ಎಷ್ಟು ತಿಳಿದವೋ, ಕೆಂಪು ಅಕ್ಷರ ಮಾತ್ರ ತಿಳಿಯಿತು. “ಹಂಗಾರ ಇದು ಆಕಿ ತಪ್ಪಲ್ಲ” ಎಂದು ಹೋದರು.

ಹಾಗಾದರೆ ಯಾರ ತಪ್ಪು? ಆ ಪ್ರೋಗ್ರಾಂ ಬರೆದುಕೊಟ್ಟವನು ನಮ್ಮಲ್ಲೇ ಓದಿದ ಹುಡುಗ. ಬಿ.ಕಾಂ. ಮುಗಿಸಿ, ತಾನೇ ಕಲಿತು, ಶಾಲೆಯ ಮೇಲಿನ ಅಭಿಮಾನಕ್ಕೆ ಪುಕ್ಕಟೆಯಾಗಿ ಬರೆದುಕೊಟ್ಟಿದ್ದ. ಸಂಜೆ ಮನೆಗೆ ಬಂದು, ಚಹಾ ಕುಡಿಯುತ್ತ, ತನ್ನ ಲ್ಯಾಪ್‌ಟಾಪ್ ತೆರೆದು ನೋಡಿ ಹಣೆ ಚಚ್ಚಿಕೊಂಡ. “ಅದು ಖಾಲಿ ಜಾಗಾನ ಸೊನ್ನಿ ಅಂತ ತಿಳ್ಕೊಂಡೈತ್ರಿ ಅಕ್ಕೋರೆ. ಈ ಭಾಷಾದಾಗ ಖಾಲಿ ಅಂದ್ರ ಸೊನ್ನಿಗೆ ಸಮ.”

ಮೂವತ್ತು ವರ್ಷ ಭಾಷೆ ಕಲಿಸಿದವಳು ನಾನು. ‘ಈ ಭಾಷೆಯಲ್ಲಿ’ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಬಿಡುವುದು ಹೇಗೆ? ಯಾವುದಪ್ಪಾ ಆ ಭಾಷೆ ಎಂದೆ. ಜಾವಾಸ್ಕ್ರಿಪ್ಟ್ ಎಂದ. ನಾವು ಬ್ರೌಸರಿನಲ್ಲಿ ತೆರೆಯುವ ಬಹುಪಾಲು ಪುಟಗಳ ಹಿಂದೆ ಓಡುವುದು ಅದೇ ಅಂತೆ. ಎಫ್ 12 ಗುಂಡಿ ಒತ್ತಿದರೆ ಒಂದು ಕಿಟಕಿ ತೆರೆಯುತ್ತದೆ, ಅಲ್ಲಿ ಪ್ರಶ್ನೆ ಬರೆದರೆ ಕೂಡಲೇ ಉತ್ತರ ಕೊಡುತ್ತದೆ ಎಂದು ತೋರಿಸಿಕೊಟ್ಟ. ಆ ದಸರಾ ರಜೆಯನ್ನೆಲ್ಲ ನಾನು ಆ ಕಿಟಕಿಯ ಮುಂದೆ ಕಳೆದೆ. ಅರ್ಥವಾಗದ ಕಡೆ ಮಗಳು ಬಿಡಿಸಿ ಹೇಳಿದಳು. ಈ ಬರಹ ಆ ಓದಿನ ಫಲ. ಕಾವ್ಯವನ್ನು ಓದಿ ಗುಣದೋಷ ಹೇಳುವವರು ಒಂದು ಭಾಷೆಯ ನಿಯಮವನ್ನು ಓದಿಯೂ ಹೇಳಬಹುದು ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಮೊದಲು ‘ಸಮ’ ಎಂಬ ಮಾತನ್ನೇ ನೋಡೋಣ. ಕನ್ನಡದಲ್ಲಿ ನಮಗೆ ಮೂರು ಪುಟ್ಟ ಪದಗಳಿವೆ: ಅದೇ, ಅಂಥದೇ, ಅಷ್ಟೇ. ‘ನಿನ್ನೆ ಉಟ್ಟ ಸೀರೆ ಅದೇ’ ಎಂದರೆ ಸೀರೆ ಒಂದೇ. ‘ನಮ್ಮಕ್ಕನದೂ ಅಂಥದೇ’ ಎಂದರೆ ಸೀರೆಗಳು ಎರಡು, ನೇಯ್ಗೆ, ಬಣ್ಣ, ಅಂಚು ಒಂದು. ‘ಇದೂ ಅಷ್ಟೇ’ ಎಂದರೆ ಬೆಲೆ ಒಂದು. ಒಂದು ಇಳಕಲ್ಲಿನದು, ಇನ್ನೊಂದು ಸೂರತ್ತಿನದು ಆಗಿದ್ದರೂ ನಡೆಯುತ್ತದೆ. ಓದುಬರಹ ಬಾರದ ಮುದುಕಿಯೂ ಈ ಮೂರನ್ನು ಬೆರೆಸುವುದಿಲ್ಲ. ಅಂಗಡಿಯವನು ಬೆರೆಸಿದರೆ ಜಗಳ ತೆಗೆಯುತ್ತಾಳೆ.

ಕಂಪ್ಯೂಟರಿನ ಭಾಷೆಗಳಲ್ಲಿಯೂ ಈ ಮೂರೂ ಬೇಕು, ಮತ್ತು ಇವೆ. ಜಾವಾ ಎಂಬ ಇನ್ನೊಂದು ಭಾಷೆಯಲ್ಲಿ (ಹೆಸರು ಹತ್ತಿರವಾದರೂ ಜಾವಾಸ್ಕ್ರಿಪ್ಟಿಗೂ ಇದಕ್ಕೂ ಬಳಗವಿಲ್ಲ) == ಎಂದು ಎರಡು ಪದಗಳನ್ನು ಹೋಲಿಸಿದರೆ ಅದು ಕೇಳುವುದು ‘ಅದೇನಾ?’ ಎಂದು. ಒಂದೇ ಅಕ್ಷರಗಳ ಎರಡು ಪದಗಳನ್ನು ನೆನಪಿನ ಬೇರೆಬೇರೆ ಕಡೆ ಇಟ್ಟಿದ್ದರೆ ಅಲ್ಲ ಎನ್ನುತ್ತದೆ. ‘ಅಂಥದೇನಾ?’ ಎಂದು ಕೇಳಲು ಈಕ್ವಲ್ಸ್ ಎಂದು ಬೇರೆಯಾಗಿ ಬರೆಯಬೇಕು. ಹೊಸಬರು ಇಲ್ಲಿ ಎಡವದೇ ಇರುವುದಿಲ್ಲವಂತೆ. ಅದರಲ್ಲೂ ಒಂದು ವಿನೋದವಿದೆ. 2004ರಲ್ಲಿ ಬಂದ ಜಾವಾದ ಐದನೆಯ ಆವೃತ್ತಿಯಿಂದೀಚೆಗೆ, ಡಬ್ಬಿಯಲ್ಲಿಟ್ಟ ಎರಡು 127ಗಳನ್ನು == ಎಂದು ಹೋಲಿಸಿದರೆ ಹೌದು ಎನ್ನುತ್ತದೆ; ಎರಡು 128ಗಳನ್ನು ಹೋಲಿಸಿದರೆ ಅಲ್ಲ ಎನ್ನುತ್ತದೆ. ಕಾರಣ ಬಲು ಸಣ್ಣದು. ಮೈನಸ್ 128ರಿಂದ 127ರವರೆಗಿನ ಸಂಖ್ಯೆಗಳು ಪದೇಪದೇ ಬೇಕಾಗುತ್ತವೆಂದು ಒಂದೊಂದೇ ಡಬ್ಬಿ ಮಾಡಿ ಕಪಾಟಿನಲ್ಲಿ ಇಟ್ಟುಕೊಂಡಿದೆ, ಕೇಳಿದವರಿಗೆಲ್ಲ ಅದನ್ನೇ ಕೊಡುತ್ತದೆ. ಅದರಾಚೆಗಿನವಕ್ಕೆ ಸಾಮಾನ್ಯವಾಗಿ ಕೇಳಿದಾಗಲೆಲ್ಲ ಹೊಸ ಡಬ್ಬಿ. ಕಪಾಟಿನ ಅನುಕೂಲ ಗಣಿತದ ಸತ್ಯವಾಗಿ ಹೊರಗೆ ಕಾಣಿಸಿಕೊಂಡಿತು.

ಇನ್ನು ಲಿಸ್ಪ್ ಎಂಬ ಹಳೆಯ ಭಾಷೆಯ ಸಂಪ್ರದಾಯದಲ್ಲಿ, ಕಾಮನ್ ಲಿಸ್ಪ್ ಎಂಬ ರೂಪದಲ್ಲಿ, ನಾಲ್ಕು ಬೇರೆಬೇರೆ ಸಮತ್ವಗಳಿವೆ. ಈಕ್ಯೂ, ಈಕ್ಯೂಎಲ್, ಈಕ್ವಲ್, ಈಕ್ವಲ್‌ಪಿ. ಮೊದಲನೆಯದು ‘ಅದೇ’ಗೆ ಹತ್ತಿರ, ಕೊನೆಯದು ಎಷ್ಟು ಸಡಿಲವೆಂದರೆ ಇಂಗ್ಲಿಷಿನ ದೊಡ್ಡ ಅಕ್ಷರ ಸಣ್ಣ ಅಕ್ಷರಗಳ ವ್ಯತ್ಯಾಸವನ್ನೂ ಎಣಿಸುವುದಿಲ್ಲ. ನಾಲ್ಕು ಯಾಕೆ, ಒಂದು ಸಾಲದೇ ಎಂದು ನಗುವವರಿದ್ದಾರೆ. ನನಗೆ ನಗು ಬರಲಿಲ್ಲ. ಯಾವ ವಿಷಯದಲ್ಲಿ ಸಮ ಎಂದು ಮೊದಲು ಹೇಳು, ಆಮೇಲೆ ಉತ್ತರ ಕೊಡುತ್ತೇನೆ ಎನ್ನುವ ಭಾಷೆ ಅದು.

ಹತ್ತನೆಯ ತರಗತಿಗೆ ಅಲಂಕಾರ ಕಲಿಸುವಾಗ ನಾವು ಹೇಳುವುದೂ ಇದನ್ನೇ ಅಲ್ಲವೇ? ‘ಹುಡುಗನ ಮುಖ ತಾವರೆಯಂತೆ ಅರಳಿತು.’ ಮುಖ ಉಪಮೇಯ, ತಾವರೆ ಉಪಮಾನ, ‘ಅಂತೆ’ ಉಪಮಾವಾಚಕ, ಅರಳುವುದು ಸಮಾನಧರ್ಮ. ನಾಲ್ಕೂ ಇದ್ದರೆ ಪೂರ್ಣೋಪಮೆ, ಒಂದೋ ಎರಡೋ ಬಿಟ್ಟರೆ ಲುಪ್ತೋಪಮೆ. == ಎಂಬ ಗುರುತಿನ ಎಡಗಡೆಯದು ಉಪಮೇಯ, ಬಲಗಡೆಯದು ಉಪಮಾನ, ನಡುವಿನ ಗೆರೆಗಳೇ ವಾಚಕ. ಸಮಾನಧರ್ಮ ಎಲ್ಲಿದೆ? ಲೋಪವಾಗಿದೆ. ಕವಿ ಅದನ್ನು ಲೋಪ ಮಾಡಿದರೆ ಓದುಗ ತುಂಬಿಕೊಳ್ಳುತ್ತಾನೆ. ಇಲ್ಲಿ ತುಂಬುವುದು ಯಂತ್ರ. ತುಂಬಿದ್ದೇನು ಎಂದು ಹೇಳುವುದೂ ಇಲ್ಲ.

ಜಾವಾಸ್ಕ್ರಿಪ್ಟ್ ತುಂಬುವ ರೀತಿ ಹೀಗಿದೆ. ಒಂದು ಕಡೆ ಸಂಖ್ಯೆ, ಇನ್ನೊಂದು ಕಡೆ ಬರಹ ಇದ್ದರೆ ಬರಹವನ್ನು ಸಂಖ್ಯೆಯಾಗಿ ಬದಲಾಯಿಸಿ ಹೋಲಿಸುತ್ತದೆ. ಉದ್ಧರಣ ಚಿಹ್ನೆಯೊಳಗೆ ಬರೆದ “5” ಎಂಬ ಬರಹ 5 ಎಂಬ ಸಂಖ್ಯೆಗೆ ಸಮ. ಸರಿ, ಒಪ್ಪೋಣ. ಆದರೆ ಏನೂ ಬರೆಯದ ಖಾಲಿ ಬರಹವನ್ನು ಸಂಖ್ಯೆ ಮಾಡಬೇಕಾದಾಗ ಅದು 0 ಎಂದು ಓದುತ್ತದೆ. ಹೆಬ್ಬೆರಳು ತಾಗಿ ಬರೀ ಜಾಗ ಬಿಟ್ಟಿದ್ದರೆ ಅದೂ 0. ಆದ್ದರಿಂದ ಖಾಲಿಯು ಸೊನ್ನೆಗೆ ಸಮ. “0” ಎಂಬ ಬರಹವೂ ಸೊನ್ನೆಗೆ ಸಮ. ಹಾಗಾದರೆ ಖಾಲಿ ಬರಹವೂ “0” ಎಂಬ ಬರಹವೂ ಒಂದಕ್ಕೊಂದು ಸಮವೇ? ಅಲ್ಲ! ಎರಡೂ ಬರಹಗಳೇ ಆದ್ದರಿಂದ ಅಲ್ಲಿ ಬದಲಾವಣೆ ಇಲ್ಲ. ಅಕ್ಷರಕ್ಕೆ ಅಕ್ಷರ ತಾಳೆ ನೋಡುತ್ತದೆ. ಒಂದೇ ವಸ್ತುವಿಗೆ ಸಮವಾದವುಗಳು ಪರಸ್ಪರ ಸಮ ಎಂಬುದು ಯೂಕ್ಲಿಡ್ ತನ್ನ ಪುಸ್ತಕದ ಬಾಗಿಲಲ್ಲೇ ಇಟ್ಟ ಮಾತು. ನಮ್ಮ ಗಣಿತದ ಮೇಷ್ಟ್ರಿಗೆ ಇದನ್ನು ತೋರಿಸಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

ನಿಜ ಮತ್ತು ಸುಳ್ಳು ಎಂಬ ಎರಡು ಮೌಲ್ಯಗಳೂ ಈ ಭಾಷೆಯಲ್ಲಿವೆ, ಟ್ರೂ ಮತ್ತು ಫಾಲ್ಸ್. ಹೋಲಿಸುವಾಗ ಟ್ರೂ ಎಂಬುದು 1 ಆಗುತ್ತದೆ. ಆದ್ದರಿಂದ “1” ಎಂಬ ಬರಹ ಟ್ರೂಗೆ ಸಮ. ‘ಟ್ರೂ’ ಎಂದೇ ಬರೆದ ಬರಹ ಟ್ರೂಗೆ ಸಮವಲ್ಲ. ನಲ್ ಎಂದು ಇನ್ನೊಂದಿದೆ, ‘ಇಲ್ಲಿ ಏನೂ ಇಲ್ಲ’ ಎಂದು ಹೇಳಲು. ನಲ್ ಸೊನ್ನೆಗೆ ಸಮವೇ ಎಂದರೆ ಅಲ್ಲ. ಸೊನ್ನೆಗಿಂತ ದೊಡ್ಡದೇ ಎಂದರೆ ಅಲ್ಲ. ಸೊನ್ನೆಗಿಂತ ದೊಡ್ಡದು ಅಥವಾ ಸಮವೇ ಎಂದರೆ ಹೌದು! ಚಿಕ್ಕ ಮಕ್ಕಳು ಪೆಟ್ಟು ತಪ್ಪಿಸಿಕೊಳ್ಳಲು ಹೀಗೆ ಉತ್ತರ ಕೊಡುತ್ತಾರೆ.

ಇದಕ್ಕೆಲ್ಲ ನಿಯಮವಿಲ್ಲವೆಂದಲ್ಲ. ಪ್ರತಿಯೊಂದಕ್ಕೂ ಇದೆ, ಬರೆದಿಟ್ಟಿದ್ದಾರೆ. ಮಳೆ ಮತ್ತು ಕಾಲ ಸೇರಿದಾಗ ಮಳೆಗಾಲವಾಗುವುದಕ್ಕೂ ನಿಯಮವಿದೆ, ಆದೇಶಸಂಧಿ ಎನ್ನುತ್ತೇವೆ. ಅಲ್ಲಿ ಕ ಹೋಗಿ ಗ ಬಂದರೂ ಕಾಲ ಕಾಲವಾಗಿಯೇ ಉಳಿಯುತ್ತದೆ, ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆಯಾದರೂ ತಾವರೆ ಕಳೆಯುವುದಿಲ್ಲ. ಇಲ್ಲಿ ಆದೇಶವಾದ ಮೇಲೆ ಮೊದಲು ಏನಿತ್ತೆಂದು ಬಿಡಿಸಿ ನೋಡಲು ಬರುವುದಿಲ್ಲ. 12 ಎಂಬ ಸರಾಸರಿಯನ್ನು ಬಿಡಿಸಿದರೆ ಒಳಗೆ ಹುಬ್ಬಳ್ಳಿಯ ಆಸ್ಪತ್ರೆ ಸಿಗುವುದಿಲ್ಲ.

ಈ ಭಾಷೆ ಹುಟ್ಟಿದ ಕತೆ ತಿಳಿದ ಮೇಲೆ ನನ್ನ ಸಿಟ್ಟು ಸ್ವಲ್ಪ ಇಳಿಯಿತು, ಸ್ವಲ್ಪ ಬೇರೆ ಕಡೆ ತಿರುಗಿತು. 1995ರ ಮೇ ತಿಂಗಳಲ್ಲಿ ಅಮೆರಿಕದ ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ ಎಂಬವರು ಇದರ ಮೊದಲ ರೂಪವನ್ನು ಹತ್ತು ದಿನಗಳಲ್ಲಿ ಕಟ್ಟಿದರು. ಮೊದಲು ಮೋಕಾ ಎಂದು ಹೆಸರು, ಆಮೇಲೆ ಲೈವ್‌ಸ್ಕ್ರಿಪ್ಟ್, ಆ ವರ್ಷ ಡಿಸೆಂಬರಿನ ಹೊತ್ತಿಗೆ ಜಾವಾಸ್ಕ್ರಿಪ್ಟ್. ಹತ್ತು ದಿನಗಳಲ್ಲಿ ನಾವು ಒಂದು ಪಾಠದ ಟಿಪ್ಪಣಿ ಮುಗಿಸುವುದಿಲ್ಲ. ಆ ಮಾತು ಬೇರೆ. ಸಂಖ್ಯೆಯನ್ನೂ ಅದೇ ಸಂಖ್ಯೆ ಬರೆದ ಬರಹವನ್ನೂ ಸಮವೆಂದು ಎಣಿಸುವ ಈ ಸಡಿಲ ಗುಣ ಐಕ್ ಅವರ ಮೊದಲ ಸಂಕಲ್ಪವಲ್ಲ. ಭಾಷೆಯನ್ನು ಮೊದಲು ಬಳಸಿ ನೋಡಿದ ಒಳಗಿನವರು ಹಾಗಿದ್ದರೆ ಅನುಕೂಲ ಎಂದು ಕೇಳಿದರು, ತಾನು ಮಣಿದೆ ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಅದಕ್ಕೆ ಪಶ್ಚಾತ್ತಾಪವನ್ನೂ ಪಟ್ಟಿದ್ದಾರೆ. ಪುಟದ ಪೆಟ್ಟಿಗೆಯಲ್ಲಿ ಜನ ಬೆರಳಚ್ಚು ಮಾಡಿದ್ದೆಲ್ಲ ಬರಹವಾಗಿ ಬರುತ್ತದೆ. ಅದನ್ನು ಸಂಖ್ಯೆ ಮಾಡಿಕೊಳ್ಳುವ ಒಂದು ಸಾಲಿನ ಶ್ರಮ ಬರೆಯುವವನಿಗೆ ಉಳಿಯಲಿ ಎಂಬ ದಯೆ ಅದು.

ದಯೆಯೇ ಹೌದು. ಆದರೆ ಯಾರ ಮೇಲಿನ ದಯೆ? ಬರೆಯುವವನ ಮೇಲೆ. ಯಾರ ಬಗ್ಗೆ ಬರೆಯಲಾಗಿದೆಯೋ ಅವರು ಆ ಕೋಣೆಯಲ್ಲಿ ಇರಲಿಲ್ಲ. ನನ್ನ ಮುಖ್ಯ ಆಕ್ಷೇಪ ಇರುವುದು ಇಲ್ಲಿ. ತಪ್ಪು ಮಾಡಿದಾಗ ನಿಂತು ಕೇಳುವ ಭಾಷೆ ಬರೆಯುವವನಿಗೆ ಕಿರಿಕಿರಿ. ಕೇಳದೆ ಮುಂದೆ ಹೋಗುವ ಭಾಷೆ ಅವನಿಗೆ ಸಲೀಸು. ಆ ಸಲೀಸಿನ ಬೆಲೆಯನ್ನು ತಿಂಗಳುಗಳಾದ ಮೇಲೆ, ಆ ಭಾಷೆಯ ಹೆಸರನ್ನೇ ಕೇಳದ ಯಾರೋ ತೆರುತ್ತಾರೆ.

ತಿದ್ದಲು ಪ್ರಯತ್ನ ನಡೆಯಲಿಲ್ಲವೆಂದಲ್ಲ. 1997ರಲ್ಲಿ ನೆಟ್‌ಸ್ಕೇಪಿನ ನಾಲ್ಕನೆಯ ಬ್ರೌಸರು ಬಂದಾಗ, ಭಾಷೆಯ 1.2ನೆಯ ಆವೃತ್ತಿ ಎಂದು ಹೇಳಿ ಬರೆದ ಪುಟಗಳಲ್ಲಿ == ಬಗೆ ಬದಲಾಯಿಸದೆ ಹೋಲಿಸುತ್ತಿತ್ತು. ಆದರೆ ಅದೇ ವರ್ಷ ಎಕ್ಮಾ ಎಂಬ ಸಂಸ್ಥೆ ಹೊರಡಿಸಿದ ಭಾಷೆಯ ಮಾನಕ ಹಳೆಯ ಸಡಿಲ ಅರ್ಥವನ್ನೇ ಇಟ್ಟುಕೊಂಡಿತು. ಅಷ್ಟರಲ್ಲಿ ಪುಟಗಳು ಊರೂರಿಗೆ ಹರಡಿದ್ದವು. ಒಂದು ಗುರುತಿನ ಅರ್ಥ ಬದಲಾಯಿಸಿದರೆ ಅವೆಲ್ಲ ಕೆಡುತ್ತಿದ್ದವು. ಕೊನೆಗೆ 1999ರ ಮೂರನೆಯ ಆವೃತ್ತಿಯ ಮಾನಕದಲ್ಲಿ ಹೊಸ ಗುರುತೊಂದನ್ನು ಸೇರಿಸಿದರು, ಮೂರೆಳೆಯ ಸಮ, ===. ಇದು ಬಗೆಯನ್ನೂ ನೋಡುತ್ತದೆ. ಬಗೆ ಬೇರೆಯಾದರೆ ಅಲ್ಲ ಎಂದುಬಿಡುತ್ತದೆ. (ಟೈಪ್ ಎಂಬುದಕ್ಕೆ ಜಾತಿ ಎನ್ನಲು ನನಗೆ ಮನಸ್ಸಿಲ್ಲ, ಬಗೆ ಎಂಬ ಒಳ್ಳೆಯ ಕನ್ನಡ ಪದವಿದೆ.) ಖಾಲಿ === ಸೊನ್ನೆ ಎಂದು ಕೇಳಿದರೆ ಅಲ್ಲ. ಸಮಾಧಾನ.

ಆದರೆ ನೋಡಿ, ಚಿಕ್ಕ ಗುರುತು ಸಡಿಲಕ್ಕೆ, ಉದ್ದನೆಯದು ಬಿಗಿಗೆ. ಬೆರಳಿಗೆ ಸುಲಭವಾದದ್ದು, ಕಣ್ಣಿಗೆ ರೂಢಿಯಾದದ್ದು ಅಪಾಯದ ಪಾಲಾಯಿತು. ಸಮಚಿಹ್ನೆ ಎಂಬುದು 1557ರಲ್ಲಿ ವೇಲ್ಸಿನ ರಾಬರ್ಟ್ ರೆಕಾರ್ಡ್ ಎಂಬ ವೈದ್ಯ ತನ್ನ ಗಣಿತದ ಪುಸ್ತಕದಲ್ಲಿ ಮೊದಲು ಬಳಸಿದ್ದು. ಒಂದೇ ಉದ್ದದ ಎರಡು ಸಮಾಂತರ ಗೆರೆಗಳಿಗಿಂತ ಹೆಚ್ಚು ಸಮವಾದದ್ದು ಬೇರೆ ಯಾವುದಿದೆ ಎಂಬುದು ಅವನ ವಿವರಣೆ. 1957ರ ಫೋರ್ಟ್ರಾನ್ ಆ ಗುರುತನ್ನು ‘ಈ ಬೆಲೆಯನ್ನು ಇಲ್ಲಿ ಇಡು’ ಎಂಬ ಅಪ್ಪಣೆಗೆ ತೆಗೆದುಕೊಂಡಿತು. ಸಿ ಭಾಷೆ ಅಪ್ಪಣೆಗೆ ಒಂದನ್ನು, ಪ್ರಶ್ನೆಗೆ ಎರಡನ್ನು ಇಟ್ಟಿತು. ಜಾವಾಸ್ಕ್ರಿಪ್ಟ್ ಹೊತ್ತಿಗೆ ನಂಬಿಕೆಗೆ ಮೂರು ಬೇಕಾಯಿತು. ಹೀಗೆ ಒತ್ತು ಹೆಚ್ಚಿದಷ್ಟೂ ಮಾತಿನ ಬೆಲೆ ಇಳಿಯುವುದನ್ನು ನಾವು ಆಣೆ ಹಾಕುವವರಲ್ಲಿ ಕಂಡಿದ್ದೇವೆ.

ಪಿಎಚ್‌ಪಿ ಎಂಬ ಇನ್ನೊಂದು ಭಾಷೆಯಲ್ಲೂ ಎರಡು ಮತ್ತು ಮೂರರ ಇದೇ ಸಂಸಾರ. ಅಲ್ಲಿ ಎರಡೂ ಕಡೆ ಬರಹವಿದ್ದರೂ, ಎರಡೂ ಸಂಖ್ಯೆಯಂತೆ ಕಂಡರೆ ಸಂಖ್ಯೆಯಾಗಿಯೇ ಹೋಲಿಸುತ್ತದೆ. 0, ಆಮೇಲೆ ಇಂಗ್ಲಿಷಿನ ‘ಇ’ ಅಕ್ಷರ, ಆಮೇಲೆ ಬರೀ ಅಂಕಿಗಳು ಬಂದರೆ ಅದು ‘ಸೊನ್ನೆ ಗುಣಿಲೆ ಹತ್ತರ ಇಂತಿಷ್ಟು ಘಾತ’ ಎಂದು ಓದುತ್ತದೆ. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆಯೇ ತಾನೆ? ಗುಪ್ತಪದವನ್ನು ಕಲಸಿ ಮುಚ್ಚಿಡುವ ಎಂಡಿ5 ಎಂಬ ಹಳೆಯ ವಿಧಾನವೊಂದಿದೆ. ಬೇರೆಬೇರೆ ಎರಡು ಪದಗಳನ್ನು ಕಲಸಿದಾಗ ಎರಡೂ ಅಕಸ್ಮಾತ್ತಾಗಿ ಈ ರೂಪದಲ್ಲಿ ಬಂದರೆ, == ಎರಡನ್ನೂ ಸಮವೆನ್ನುತ್ತದೆ. ಅಂಥ ಪದಗಳನ್ನು ಹುಡುಕಿ ಪಟ್ಟಿ ಮಾಡಿಟ್ಟವರಿದ್ದಾರೆ. ಅಂದರೆ ಬೇರೆಯವರ ಬೀಗಕ್ಕೆ ನಮ್ಮ ಕೀಲಿಕೈ. 2020ರ ನವೆಂಬರಿನಲ್ಲಿ ಬಂದ ಎಂಟನೆಯ ಆವೃತ್ತಿ ಸೊನ್ನೆಯೂ ಸಾಮಾನ್ಯ ಪದವೂ ಸಮ ಎಂಬ ಹಳೆಯ ಹುಚ್ಚನ್ನು ಬಿಡಿಸಿತು. ಅಂಕಿಯಂತೆ ಕಾಣುವ ಬರಹಗಳ ಈ ಗೊಂದಲವನ್ನು ಹಾಗೇ ಉಳಿಸಿಕೊಂಡಿತು.

ಹೊಗಳಬೇಕಾದವರೂ ಇದ್ದಾರೆ. ಪೈಥಾನಿನಲ್ಲಿ ಬರಹಕ್ಕೆ ಸಂಖ್ಯೆಯನ್ನು ಕೂಡಿಸಲು ಹೋದರೆ ಅದು ನಿಂತುಬಿಡುತ್ತದೆ, ಇದು ನನಗೆ ತಿಳಿಯಲಿಲ್ಲ ಎನ್ನುತ್ತದೆ. ತಿಳಿಯಲಿಲ್ಲ ಎಂದು ಕೈಯೆತ್ತುವ ವಿದ್ಯಾರ್ಥಿ ನನಗೆ ಯಾವತ್ತೂ ಪ್ರಿಯ. (ಅಲ್ಲಿಯೂ ಟ್ರೂ ಎಂಬುದು 1ಕ್ಕೆ ಸಮ, ಹುಳುಕಿಲ್ಲದ ಜೋಳವಿಲ್ಲ.) ಆದರೆ ನನ್ನ ಮನಸ್ಸು ಗೆದ್ದದ್ದು ಎಸ್‌ಕ್ಯೂಎಲ್, ಕೋಷ್ಟಕಗಳಲ್ಲಿ ಇಟ್ಟ ಮಾಹಿತಿಯನ್ನು ಕೇಳುವ ಭಾಷೆ. ಅಲ್ಲಿ ಮಾಹಿತಿ ಇಲ್ಲದ ಮನೆಗೆ ನಲ್ ಎಂದು ಗುರುತು. ಒಂದು ನಲ್ ಇನ್ನೊಂದು ನಲ್‌ಗೆ ಸಮವೇ ಎಂದು ಕೇಳಿದರೆ ಹೌದು ಎನ್ನುವುದಿಲ್ಲ, ಅಲ್ಲ ಎಂದೂ ಎನ್ನುವುದಿಲ್ಲ; ತಿಳಿಯದು ಎನ್ನುತ್ತದೆ. ಇಬ್ಬರು ಹುಡುಗರು ಪರೀಕ್ಷೆಗೆ ಬಂದಿಲ್ಲ, ಅವರ ಅಂಕ ಸಮವೇ? ಬಂದಿದ್ದರೆ ತಾನೆ ಹೇಳಲು! ಸರಾಸರಿ ತೆಗೆಯಲು ಹೇಳಿದರೆ ನಲ್ ಇರುವ ಮನೆಗಳನ್ನು ಬಿಟ್ಟು ಉಳಿದವನ್ನು ಕೂಡಿಸಿ, ಉಳಿದವುಗಳ ಎಣಿಕೆಯಿಂದಲೇ ಭಾಗಿಸುತ್ತದೆ. ನನ್ನ ಕೆಂಪು ಶಾಯಿಯ ‘ಗೈ’ ಮಾಡುವ ಕೆಲಸವನ್ನೇ ಅದು ಮಾಡುತ್ತದೆ.

ಲೆಕ್ಕ ಕೆಟ್ಟಾಗ ಬರುವ ‘ನ್ಯಾನ್’ ಎಂಬುದನ್ನೂ ಜನ ಗೇಲಿ ಮಾಡುತ್ತಾರೆ. ಸಂಖ್ಯೆಯಲ್ಲ ಎಂದು ಅದರ ಅರ್ಥ. ಬಗೆ ಕೇಳಿದರೆ ಜಾವಾಸ್ಕ್ರಿಪ್ಟ್ ‘ಸಂಖ್ಯೆ’ ಎನ್ನುತ್ತದೆ. ಮೂರೆಳೆಯಿಂದ ಹೋಲಿಸಿದರೂ ಅದು ತನಗೆ ತಾನೇ ಸಮವಲ್ಲ. ಇದು ಈ ಭಾಷೆಯ ಚೇಷ್ಟೆಯಲ್ಲ, 1985ರಲ್ಲಿ ಯಂತ್ರಗಳ ದಶಮಾಂಶ ಲೆಕ್ಕಕ್ಕೆಂದು ಮಾಡಿದ ಐಟ್ರಿಪಲ್‌ಇ 754 ಎಂಬ ಮಾನಕದ ನಿರ್ಣಯ. ನನಗೆ ಇದು ಒಪ್ಪಿಗೆ. ಇಬ್ಬರ ಉತ್ತರ ತಪ್ಪಾಗಿದೆ ಎಂದ ಮಾತ್ರಕ್ಕೆ ಇಬ್ಬರೂ ಒಂದೇ ತಪ್ಪು ಮಾಡಿದ್ದಾರೆಂದು ಹೇಳಲಾಗುವುದಿಲ್ಲ. ಮೌಲ್ಯಮಾಪನ ಮಾಡಿದವರಿಗೆ ಇದು ಗೊತ್ತು.

ಕನ್ನಡ ಟೈಪು ಮಾಡುವವರಿಗೆ ಇನ್ನೊಂದು ತೊಡಕಿದೆ, ಅದನ್ನೂ ಹೇಳಿಬಿಡುತ್ತೇನೆ. ‘ಅಂ’ ಬರೆಯಲು ಅ ಮುಂದೆ ಸೊನ್ನೆ ಎನ್ನುತ್ತೇವೆ. ಆ ಸೊನ್ನೆ ಬೇರೆ, ಅಂಕಿಯ ೦ ಬೇರೆ; ನೋಟಕ್ಕೆ ಒಂದೇ, ಯೂನಿಕೋಡಿನಲ್ಲಿ ಎರಡು ಸಂಕೇತ. ೧೦ ಎಂದು ಕನ್ನಡ ಅಂಕಿಯಲ್ಲಿ ಬರೆದು ಸಂಖ್ಯೆ ಮಾಡು ಎಂದರೆ ಜಾವಾಸ್ಕ್ರಿಪ್ಟ್ ನ್ಯಾನ್ ಎನ್ನುತ್ತದೆ, ಪೈಥಾನ್ ಹತ್ತು ಎನ್ನುತ್ತದೆ. ಖಾಲಿ ಜಾಗವನ್ನು ಸೊನ್ನೆ ಎಂದು ಗುರುತಿಸಿದ ಭಾಷೆಗೆ ನಮ್ಮ ಹತ್ತು ಹತ್ತಾಗಿ ಕಾಣಲಿಲ್ಲ! ಇನ್ನು ಕೊಟ್ರೇಶ ಎಂಬ ಹೆಸರು ನೋಡಿ. ಮೊದಲ ‘ಕೊ’ವನ್ನು ಕ ಮತ್ತು ಒಕಾರದ ಒಂದೇ ಚಿಹ್ನೆಯಿಂದ ಬರೆಯಬಹುದು, ಕ, ಎಕಾರದ ಚಿಹ್ನೆ, ಊಕಾರದ ಚಿಹ್ನೆ ಎಂದು ಬಿಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಕೊಟ್ರೇಶನೇ. ಯೂನಿಕೋಡಿನ ನಿಯಮದ ಪ್ರಕಾರವೂ ಎರಡೂ ಸಮಾನ. ಆದರೆ ಮೂರೆಳೆಯ ಬಿಗಿ ಸಮ ಅಲ್ಲ ಎನ್ನುತ್ತದೆ. ಎರಡನ್ನೂ ಮೊದಲು ಒಂದೇ ರೂಪಕ್ಕೆ ತರಬೇಕು. ಅದಕ್ಕೊಂದು ಸೌಲಭ್ಯ 2015ರಿಂದ ಭಾಷೆಯಲ್ಲೇ ಇದೆ, ಬಳಸಬೇಕೆಂದು ತಿಳಿದವರಿಗೆ. ಆದ್ದರಿಂದ ಬಿಗಿಯೇ ಒಳ್ಳೆಯದು, ಸಡಿಲವೇ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಕೊಟ್ರೇಶನ ವಿಷಯದಲ್ಲಿ ಸಡಿಲವೇ ನ್ಯಾಯ, ಗೈರುಹಾಜರಿಯ ವಿಷಯದಲ್ಲಿ ಬಿಗಿಯೇ ನ್ಯಾಯ. ಯಾವುದು ಎಲ್ಲಿ ಎಂಬುದನ್ನು ಬರೆಯುವವನು ಬಾಯಿಬಿಟ್ಟು ಹೇಳಬೇಕು. ಭಾಷೆ ಅವನಿಂದ ಹೇಳಿಸಬೇಕು.

ನನ್ನ ಮಗಳು ಇದನ್ನು ಒಪ್ಪುವುದಿಲ್ಲ. “ಅವ್ವಾ, ಕಲಿತವರು ಯಾರೂ ಈಗ ಎರಡೆಳೆ ಬಳಸುವುದಿಲ್ಲ. ಬಳಸಿದರೆ ಎಚ್ಚರಿಸುವ ಸಾಧನಗಳಿವೆ. ನೀನು ಮುಗಿದ ಜಗಳ ತೆಗೆಯುತ್ತಿದ್ದೀ” ಎನ್ನುತ್ತಾಳೆ. ಇರಬಹುದು. ಆದರೆ ಊರೂರಿನ ಶಾಲೆ, ಸೊಸೈಟಿ, ಅಂಗಡಿಗಳ ಲೆಕ್ಕ ಬರೆಯುವವರೆಲ್ಲ ಆ ಸಾಧನಗಳಿರುವ ಕಡೆ ಕೂತವರಲ್ಲ. ಪುಕ್ಕಟೆ ಬರೆದುಕೊಟ್ಟ ನಮ್ಮ ಹುಡುಗನಿಗೆ ಎಚ್ಚರಿಸಲು ಯಾರಿದ್ದರು? ಭಾಷೆಯನ್ನು ಅಳೆಯಬೇಕಾದದ್ದು ಪಂಡಿತರು ಅದನ್ನು ಎಷ್ಟು ಚೆನ್ನಾಗಿ ಬಳಸುತ್ತಾರೆ ಎಂಬುದರಿಂದಲ್ಲ. ಅವನ ಮುಂದಿನ ಕತೆಯೇ ಇದಕ್ಕೆ ಸಾಕ್ಷಿ.

ಹುಡುಗಿಯ ಪ್ರಕರಣವಾದ ಮೇಲೆ ಅವನು ಪ್ರೋಗ್ರಾಂ ತಿದ್ದಿಕೊಟ್ಟ. ಅಂಕದ ಮನೆ ಖಾಲಿಗೆ ಸಮವಾಗಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡ, ಗೈರು ಎಂದು ಅಚ್ಚು ಮಾಡು. ಇದು ಅವನು ಸೇರಿಸಿದ ಸಾಲು. ನೋಡಲು ಎಷ್ಟು ಸರಿಯಾಗಿದೆ! ಹುಡುಗಿಯ ಸರಾಸರಿ 14.4 ಬಂತು. ನಾನು ಅವನಿಗೆ ಉಂಡಿ ಕೊಟ್ಟು ಕಳಿಸಿದೆ.

ಸಂಕ್ರಾಂತಿ ಕಳೆದ ಮೇಲೆ ಮುಂದಿನ ಅಂಕಪಟ್ಟಿಗಳು ಅಚ್ಚಾಗಿ ಬಂದವು. ಮನೆಗೆ ಒಯ್ದು ಸಹಿ ಹಾಕಿಸಿಕೊಂಡು ಬರಬೇಕಾದ ಹಾಳೆಗಳು. ಹಂಚಿದ ಸ್ವಲ್ಪ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಸಾಮಾನ್ಯವಾಗಿ ಮಾತಾಡುವವನಲ್ಲ. ಬೆಳಿಗ್ಗೆ ಎಮ್ಮೆ ಮೇಯಲು ಬಿಟ್ಟು, ಹಾಲು ಹಾಕಿ, ಎರಡು ಮೈಲಿ ನಡೆದು ಬರುತ್ತಾನೆ.

“ಅಕ್ಕೋರೆ, ವ್ಯಾಕರಣದ ಪರೀಕ್ಷಾಕ ನಾ ಬಂದಿದ್ನ್ರಿ.”

ಹಾಳೆಯಲ್ಲಿ ಗೈರು ಎಂದಿತ್ತು. ರಿಜಿಸ್ಟರು ನೋಡಿದೆ. ಅವನ ಮನೆಯಲ್ಲಿ ನನ್ನ ಕೈಬರಹದ ದುಂಡನೆಯ 0. ನೆನಪಾಯಿತು: ಸಂಧಿ ಬಿಡಿಸಲು ಕೊಟ್ಟಿದ್ದೆ, ಎರಡೂ ಮಗ್ಗುಲು ತುಂಬ ಬರೆದಿದ್ದ, ಒಂದೂ ಸರಿಯಿರಲಿಲ್ಲ. ಯಂತ್ರದಲ್ಲಿ ಆ ಸೊನ್ನೆ ಸಂಖ್ಯೆಯಾಗಿ ಕೂತಿತ್ತು. ಅದು ಖಾಲಿಗೆ ಸಮವೇ ಎಂದು ಎರಡೆಳೆಯ ಗುರುತು ಕೇಳಿತು, ಹೌದು ಎಂಬ ಉತ್ತರ ಬಂತು. ಮೊದಲು ಬಾರದವಳಿಗೆ ಸೊನ್ನೆ ಕೊಟ್ಟದ್ದು ಈಗ ಸೊನ್ನೆ ಪಡೆದವನನ್ನು ಬಾರದವನನ್ನಾಗಿ ಮಾಡಿತ್ತು.

ಪಕ್ಕದ ಹುಡುಗರು ಅವನ ಅಂಗಿ ಜಗ್ಗಿದರು. ಲೆಕ್ಕ ಬಲ್ಲವನೊಬ್ಬ ಪಿಸುಗುಟ್ಟಿದ್ದು ನನಗೂ ಕೇಳಿಸಿತು: ಸುಮ್ಮನಿರಲೇ, ಸೊನ್ನೆ ಹೋದರೆ ನಿನ್ನ ಸರಾಸರಿ ಏರುತ್ತದೆ. ನಿಜವೇ. ಗೈರು ಎಂದೇ ಉಳಿದರೆ ಅವನು ಶನಿವಾರದ ಪಟ್ಟಿಯಿಂದ ಪಾರಾಗುತ್ತಿದ್ದ. ನಾನೂ ಅದನ್ನೇ ಹೇಳಿದೆ, ಪರೀಕ್ಷಿಸಲು ಅಲ್ಲ, ಕರುಣೆಯಿಂದಲೇ.

“ಸೊನ್ನಿ ಬಿದ್ರ ಬೀಳ್ಲಿರಿ” ಎಂದ. “ಬಂದಿಲ್ಲಾ ಅಂತ ಬರದಾರಲ್ರಿ. ಅಪ್ಪ ಸಾಲಿ ತಪ್ಪಿಸಿ ಎಲ್ಲಿ ಹೋಗಿದ್ದಿ ಅಂತಾನ. ನಾ ಬಂದು ಕುಂತು ಬರದೀನ್ರಿ.”

ಹಾಳೆಯನ್ನು ಇಸಿದುಕೊಂಡೆ. ಗೈರು ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ಸೊನ್ನೆ ಬರೆದು, ತಿದ್ದಿದ್ದಕ್ಕೆ ಸಹಿ ಹಾಕಿದೆ. ಸರಾಸರಿಯನ್ನೂ ಅವನ ಕಣ್ಣೆದುರೇ ಲೆಕ್ಕ ಹಾಕಿ ಇಳಿಸಿದೆ. ಅವನು ಅದನ್ನು ತಿರುಗಿಸಿ ಒಮ್ಮೆ ನೋಡಿದ, ನಾಲ್ಕು ಮಡಿಕೆ ಮಾಡಿ ಪಾಟಿಚೀಲದ ಒಳಗಿನ ಜೇಬಿನಲ್ಲಿ ಇಟ್ಟುಕೊಂಡ. ಆ ಸಂಜೆ ನಮ್ಮ ಹಳೆಯ ವಿದ್ಯಾರ್ಥಿ ಬಂದು ಆ ಸಾಲಿಗೆ ಮೂರನೆಯ ಎಳೆ ಸೇರಿಸಿ ಹೋದ. ಶನಿವಾರ ಸಂಧಿ ಬಿಡಿಸುವುದನ್ನು ಮೊದಲಿನಿಂದ ಹೇಳಿಕೊಟ್ಟೆ. ಹುಡುಗ ಮುಂದಿನ ಬೆಂಚಿಗೆ ಬಂದು ಕೂತಿದ್ದ.